ಮುರಗೋಡದ ಎಡಗೈ

ಮಾರ್ಚ್ ೩, ಸೋಮವಾರ

ಕ್ಲಿನಿಕ್ಕಿನಲ್ಲಿ ಇವತ್ತು ನನ್ನ ಕೈಗೊಂದು ಟ್ಯಾಬ್ ಕೊಟ್ಟರು. ಮಹಾನಂದಾ ಜನವರಿಯಲ್ಲಿ ಕೆಲಸ ಬಿಟ್ಟ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕಿನ ಮನೆ ಮನೆಗೆ ಹೋಗುವ ಫಿಸಿಯೋಥೆರಪಿಸ್ಟ್ ಎಂದರೆ ನಾನೊಬ್ಬಳೇ. ಇನ್ನೊಬ್ಬರನ್ನು ಕೊಡಿ ಎಂದು ಕೇಳಿದ್ದೆ. ಟ್ಯಾಬ್ ಬಂತು.

ಕೀಲು ಎಷ್ಟು ಮಡಚುತ್ತದೆ, ಎಷ್ಟು ಚಾಚುತ್ತದೆ ಎಂದು ಪ್ಲಾಸ್ಟಿಕ್ ಪಟ್ಟಿ ಹಿಡಿದು ಅಳೆಯುವುದು ಇನ್ನು ಬೇಡವಂತೆ. ಪೇಷಂಟನ್ನು ಕ್ಯಾಮೆರಾ ಎದುರು ಕೂರಿಸಿದರೆ ಆಪ್ ತಾನೇ ಭುಜ, ಮೊಣಕೈ, ಮಣಿಕಟ್ಟಿನ ಮೇಲೆ ಚುಕ್ಕಿ ಇಟ್ಟು, ಗೆರೆ ಎಳೆದು ಡಿಗ್ರಿ ಹೇಳುತ್ತದೆ. ಬೇಕಾದಷ್ಟು ಬಂದರೆ ಹೆಸರಿನ ಮುಂದೆ ಹಸಿರು ಗುಂಡು. ಹಸಿರು ಬಂತೆಂದರೆ ಕೇಸು ಮುಗಿಯಿತು, ಆ ಮನೆಗೆ ಮತ್ತೆ ಹೋಗುವಂತಿಲ್ಲ.

"ರೇಣು, ನಿನ್ನ ಕೆಲಸ ಅರ್ಧಕ್ಕರ್ಧ ಕಡಿಮಿ ಆತು ನೋಡ," ಎಂದರು ನಿಂಗರಾಜ ಸರ್. ಕ್ಲಿನಿಕ್ ಅವರದೇ. ಅರ್ಧ ಕಡಿಮೆಯಾದ ಮೇಲೆ ಹನ್ನೊಂದು ಹೊಸ ಪೇಷಂಟ್ ಸೇರಿಸಿದರು.

ಹೆಸರು ನೆನಪಿಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ದೇಗಾಂವದ ಮೊಣಕಾಲು, ಸವದತ್ತಿಯ ಭುಜ, ಇಷ್ಟು ಸಾಕು. ಹೊಸದರಲ್ಲಿ ಮುರಗೋಡದ ಎಡಗೈ ಒಂದು. ಅರವತ್ತೆಂಟರ ಹೆಂಗಸು, ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಹತ್ತಿರ ಎಲುಬು ಮುರಿದಿತ್ತು, ಈಗ ಪ್ಲಾಸ್ಟರ್ ಬಿಚ್ಚಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ. ಬಲಗೈಯವರು. ಮುರಿದದ್ದು ಎಡಗೈ ತಾನೇ, ಅಷ್ಟೇನೂ ತಲೆಬಿಸಿ ಇಲ್ಲ.

ಮಾರ್ಚ್ ೬, ಗುರುವಾರ

ಮುರಗೋಡದ ಎಡಗೈಯನ್ನು ನೋಡಿ ಬಂದೆ. ಹಳೆಯ ದೊಡ್ಡ ಮನೆ, ಪಡಸಾಲೆಯಲ್ಲಿ ಒಂದು ಎತ್ತಿನ ಗಾಡಿ ನಿಲ್ಲಿಸಬಹುದು. ಸೊಸೆ ಶೈಲಜಾ ಚಾಪೆ ಹಾಸಿ ಕೂರಿಸಿದಳು. ಅತ್ತೆ ಸುಂದರವ್ವ ಒಳಗಿನಿಂದ ಬಂದು, ಕೈ ಮುಂದೆ ಮಾಡುವ ಮೊದಲು ಕೇಳಿದರು.

"ಬಾಯಾರ, ನೀವು ಯಾರ ಪೈಕಿ?"

"ಬುದ್ಧನ ಪೈಕಿ ರೀ ಅಮ್ಮಾರ. ರಾಮದುರ್ಗದಾಕಿ."

"ಹೌದ?" ಎಂದರು. ಅರ್ಧ ಬಂದಿದ್ದ ಕೈ ಸೆರಗಿನೊಳಗೆ ಹೋಯಿತು. ಆಮೇಲೆ ಟ್ಯಾಬ್ ಕಡೆ ನೋಡಿ, "ಇದರಾಗ ದೂರಿಂದನ ಕಾಣತೈತೇನ್ರಿ?" ಎಂದರು.

"ಕಾಣತೈತ್ರಿ."

"ಹಂಗಾರ ಹಂಗ ನೋಡ್ರಿ. ಮುಟ್ಟೂದು ಗಿಟ್ಟೂದು ಸುಮ್ನ ನಿಮಗ್ಯಾಕ ತ್ರಾಸ."

ಈ ಮಾತನ್ನು ನಾನು ಬೇರೆ ಬೇರೆ ಬಾಯಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ಮೊದಲಾದರೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತು ನಿಜ ಹೇಳಬೇಕೆಂದರೆ ಹಾಯೆನಿಸಿತು, ಸೊಂಟ ಬಗ್ಗಿಸುವುದು ತಪ್ಪಿತಲ್ಲ ಎಂದು. ಸಿಟ್ಟು ಬರಲಿಕ್ಕೂ ಮೈಯಲ್ಲಿ ಶಕ್ತಿ ಬೇಕು. ಎರಡು ಮಾರು ದೂರ ಕೂತು, ಕೈ ಹೀಗೆ ಮೇಲೆ ಎತ್ತಿ, ಹೀಗೆ ಕೆಳಗೆ ಬಗ್ಗಿಸಿ ಎಂದು ನಾನು ತೋರಿಸಿದೆ, ಅವರು ಮಾಡಿದರು, ಟ್ಯಾಬ್ ಚುಕ್ಕಿ ಇಟ್ಟಿತು.

ಹೊರಡುವಾಗ ಕೇಳಿದರು, "ಕೈ ಮದಲಿನಂಗ ಆಗತೈತೇನ್ರಿ? ಪೂಜಾಕ್ಕ ಬೇಕ್ರಿ ನನಗ ಈ ಕೈ. ಕಟ್ಟು ಹಾಕಿದಾಗಿಂದ ಪೂಜಿ ತಪ್ಪೇತಿ. ಗಾಯಾ ಮಾಯೂತನಕಾ ಮನಸಿನಾಗ ಮಾಡವಾ, ನಡೀತೈತಿ ಅಂದಾರ ನಮ್ಮ ಮಠದ ಅಯ್ನಾರು."

ಆಗತೈತ್ರಿ ಎಂದೆ. ಒಂದು ಕೈಗೆ ಆರತಿ, ಇನ್ನೊಂದು ಕೈಗೆ ಗಂಟೆ, ಅಷ್ಟೇ ತಾನೇ ಎಂದುಕೊಂಡೆ.

ಮಾರ್ಚ್ ೧೨, ಬುಧವಾರ

ದೇಗಾಂವದ ಮೊಣಕಾಲಿನ ಎದುರು ಟ್ಯಾಬ್ ಸೋತಿತು. ಇಳಕಲ್ ಸೀರೆಯ ನೆರಿಗೆಯೊಳಗೆ ಮೊಣಕಾಲು ಎಲ್ಲಿದೆ ಎಂದು ಅದಕ್ಕೆ ತಿಳಿಯಲೇ ಇಲ್ಲ. ಒಮ್ಮೆ ಸೆರಗಿಗೆ ಚುಕ್ಕಿ ಇಟ್ಟಿತು, ಒಮ್ಮೆ ಹಿಂದಿದ್ದ ಜೋಳದ ಚೀಲಕ್ಕೆ. ಸೀರೆ ಸ್ವಲ್ಪ ಮೇಲೆ ಮಾಡ್ರಿ ಎಂದರೆ ಮುದುಕಿ ನನ್ನ ಮೇಲೆ ಹರಿಹಾಯ್ದಳು. "ನನ್ನ ಗಂಡನ ನೋಡಿದ್ದಿಲ್ಲ, ಇನ್ನ ನಿನ್ನ ಡಬ್ಬಿಗಿ ತೋರಸ್ಲೇನ?" ಕೊನೆಗೆ ಹಳೆಯ ಪ್ಲಾಸ್ಟಿಕ್ ಪಟ್ಟಿಯನ್ನೇ ಸೀರೆಯ ಮೇಲೆ ಇಟ್ಟು ಅಂದಾಜು ಬರೆದೆ.

ಮಾರ್ಚ್ ೧೬, ಭಾನುವಾರ

ಮಲಗಿದೆ. ಎದ್ದೆ. ಮತ್ತೆ ಮಲಗಿದೆ.

ಮಾರ್ಚ್ ೨೦, ಗುರುವಾರ

ಮುರಗೋಡದ ಎಡಗೈಗೆ ಹಸಿರು ಬಂತು. ಮಣಿಕಟ್ಟು ಮೇಲಕ್ಕೆ ಐವತ್ತೆಂಟು ಡಿಗ್ರಿ, ಕೆಳಕ್ಕೆ ಅರವತ್ತು. ಈ ವಯಸ್ಸಿಗೆ ಚೆನ್ನಾಗಿಯೇ ಬಂದಿದೆ. ಟ್ಯಾಬ್ ಟಿಣ್ ಎಂದಿತು. ಶೈಲಜಾ ನಕ್ಕು ಚಹಾ ತರಲು ಹೋದಳು.

ಸುಂದರವ್ವ ಮಾತ್ರ ಕೈಯನ್ನೇ ನೋಡುತ್ತ ಕೂತಿದ್ದರು. "ಅಂದ್ರ ಆರಾಮ ಆತೇನ್ರಿ?"

"ಆತ್ರಿ. ನೋಡ್ರಿ, ಹಸಿರ ತೋರಸಾಕತ್ತೈತಿ."

"ಇನ್ನ ಪೂಜಾಕ್ಕ ಕುಂದ್ರಬಹುದ?"

"ನಾಳಿಂದನ ಕುಂದರ್ರಿ."

ಅವರು ಟ್ಯಾಬಿನ ಕಡೆ ಕೈಮುಗಿದರು, ನನ್ನ ಕಡೆ ಅಲ್ಲ. ಬರುವಾಗ ಸ್ಕೂಟಿಯಲ್ಲಿ ಒಬ್ಬಳೇ ನಕ್ಕೆ. ಒಂದು ಮನೆ ಕಡಿಮೆಯಾಯಿತು.

ಮಾರ್ಚ್ ೨೧, ಶುಕ್ರವಾರ

ಸರ್ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹಸಿರು ಗುಂಡಿನ ಚಿತ್ರ ಹಾಕಿ ನನ್ನನ್ನು ಹೊಗಳಿದರು. ಇಬ್ಬರು ಹೆಬ್ಬೆರಳು ಒತ್ತಿದರು. ಒಬ್ಬರು ನನ್ನ ಗಂಡ.

ಮಾರ್ಚ್ ೨೫, ಮಂಗಳವಾರ

ಬಿಸಿಲು ಎಂದರೆ ಬಿಸಿಲು. ಸವದತ್ತಿ ಪೇಟೆಯಲ್ಲಿ ಹಮಾಲಿ ಮಾಡುವ ಭುಜ ಇವತ್ತು ತೊಂಬತ್ತು ದಾಟಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಅವನ ಅಂಗಿಯನ್ನು ಟ್ಯಾಬ್ ಮನುಷ್ಯನೆಂದು ತಿಳಿದು ಅದಕ್ಕೆ ನೂರ ಎಪ್ಪತ್ತು ಕೊಟ್ಟಿತು. "ನನಗಿಂತ ನನ್ನ ಅಂಗೀನ ಗಟ್ಟಿ ಐತಿ ಬಿಡ್ರಿ," ಎಂದು ಅವನು ನಕ್ಕ.

ಮನೆಗೆ ಬಂದು ಗಂಡ ಸಾಗರನಿಗೆ ಹೇಳಿದೆ. ಅವನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇದೆ, ಯಂತ್ರಗಳ ಬಗ್ಗೆ ಅವನಿಗೆ ದೊಡ್ಡ ಮರ್ಯಾದೆಯೇನೂ ಇಲ್ಲ. "ಕ್ಯಾಮೆರಾ ತನಗ ಕಂಡದ್ದಷ್ಟ ಹೇಳತೈತಿ. ಕಾಣದ್ದು ಐತಿ ಅಂತ ಅದಕ್ಕೇನ ಗೊತ್ತು," ಎಂದ. ಅನ್ನ ಬಡಿಸಿಕೊಂಡು ನಿದ್ದೆಗಣ್ಣಲ್ಲೇ ತಿಂದೆ.

ಮಾರ್ಚ್ ೨೯, ಶನಿವಾರ

ಶೈಲಜಾ ಫೋನ್ ಮಾಡಿದ್ದಳು. ಸುಂದರವ್ವ ಬೆಳಿಗ್ಗೆ ಅಂಗಳದಲ್ಲಿ ತಲೆ ಸುತ್ತಿ ಬಿದ್ದರಂತೆ. ದವಾಖಾನೆಗೆ ಒಯ್ದರೆ, ಹೊಟ್ಟೆಗೆ ಏನೂ ಇಲ್ಲದೆ ಸಕ್ಕರೆ ಮಾತ್ರೆ ನುಂಗಿದ್ದಾರೆ ಎಂದರಂತೆ.

"ಒಂದ ವಾರಾತ್ರಿ ಬಾಯಾರ, ಅತ್ತಿ ರೊಟ್ಟಿ ಮುಟ್ಟಿಲ್ಲ. ಹಾಲು, ಒಂದ ಬಾಳಿಹಣ್ಣ, ಅಷ್ಟ. ಯಾಕ ಅಂದ್ರ ಮಾರಿ ತಿರುವಿ ಮಕ್ಕೋತಾರ. ಕೈ ಬ್ಯಾನಿಯಿಂದ ಹಿಂಗ ಮಾಡಾಕತ್ತಾರೇನೊ ಅಂತ ನಿಮಗ ಹಚ್ಚಿದೆ."

ಕೈ ಗುಣವಾಗಿದೆ, ಕೇಸು ಮುಗಿದಿದೆ ಎಂದೆ. ಆಗಲ್ರಿ ಎಂದಳು. ಫೋನ್ ಇಟ್ಟ ಮೇಲೆ ಒಂದು ವಾರ ಎಂದದ್ದು ಮತ್ತೆ ತಲೆಗೆ ಬಂತು. ಹಸಿರು ಬಂದದ್ದೂ ಒಂದು ವಾರದ ಹಿಂದೆಯೇ.

ನಾಳೆ ಯುಗಾದಿ, ರಜೆ. ಹೋಗಿ ಬರೋಣ ಎಂದರೆ ಸಾಗರ, "ಊರಿಗೆ ಉಪಕಾರ ಮಾಡಬ್ಯಾಡ, ಹೆಣಕ್ಕ ಸಿಂಗಾರ ಮಾಡಬ್ಯಾಡ ಅಂತಾರ," ಎಂದು ಹೇಳಿ ಸ್ಕೂಟಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದ.

ಮಾರ್ಚ್ ೩೦, ಭಾನುವಾರ, ಯುಗಾದಿ

ಎಷ್ಟು ತಡವಾದರೂ ಬರೆದೇ ಮಲಗುತ್ತೇನೆ.

ಪಡಸಾಲೆಯಲ್ಲಿ ಸುಂದರವ್ವ ಗೋಡೆಗೆ ಒರಗಿ ಕೂತಿದ್ದರು. ಹತ್ತು ದಿನದಲ್ಲಿ ಮುಖ ಇಳಿದುಹೋಗಿತ್ತು. ಹಬ್ಬದ ದಿನ, ಒಳಗೆ ಹೋಳಿಗೆಯ ವಾಸನೆ, ಅವರ ಮುಂದೆ ಮುಟ್ಟದ ಹಾಲಿನ ಲೋಟ. ಊಟ ಯಾಕೆ ಬಿಟ್ಟಿರಿ ಎಂದು ನಾನು ನೇರವಾಗಿ ಕೇಳಿದೆ.

"ಪೂಜಿ ಇಲ್ಲ, ಊಟ ಇಲ್ಲ. ನಮ್ಮ ಪದ್ಧತಿ ಅದು."

"ಪೂಜಿ ಮಾಡ್ರೆಲ್ಲ ಮತ್ತ? ಬಲಗೈ ಚೊಲೋ ಐತಿ, ಎಡಗೈನೂ ಬಂದೈತಿ."

ಅತ್ತೆ ಸೊಸೆ ಇಬ್ಬರೂ ನನ್ನ ಮುಖ ನೋಡಿದರು. ಶೈಲಜಾ ಮೆಲ್ಲಗೆ ಹೇಳಿದಳು, "ಬಾಯಾರ, ಲಿಂಗಪೂಜಿ ಮಾಡೂದು ಎಡಗೈ ಮ್ಯಾಲ್ರಿ. ಅಂಗೈ ಹಿಂಗ ಮ್ಯಾಲ ಮಾಡಿ, ಅದರಾಗ ಲಿಂಗಪ್ಪನ್ನ ಇಟಗೊಂಡು, ಬಲಗೈಲೆ ನೀರು, ವಿಭೂತಿ, ಹೂವು ಹಾಕೂದು."

ಹುಟ್ಟಿದಾಗಿನಿಂದ ಇವರ ನಡುವೆಯೇ ಬೆಳೆದಿದ್ದೇನೆ. ಇವರ ಕೊರಳಲ್ಲಿ ಲಿಂಗ ನೋಡಿದ್ದೇನೆ, ಅಂಗೈಯಲ್ಲಿ ನೋಡಿಲ್ಲ. ಪೂಜೆಗೆ ಕೂತ ಮನೆಯೊಳಗೆ ನಮ್ಮನ್ನು ಯಾರು ಬಿಟ್ಟಿದ್ದರು ನೋಡುವುದಕ್ಕೆ?

ಅಂಗೈ ಮೇಲೆ ಮಾಡಿ ತೋರಿಸಿ ಎಂದೆ. ಸುಂದರವ್ವ ಎಡಗೈ ಮುಂದೆ ಚಾಚಿದರು. ಹೆಬ್ಬೆರಳು ಆಕಾಶ ನೋಡುತ್ತಿತ್ತು, ಅಂಗೈ ಪಕ್ಕದ ಗೋಡೆ ನೋಡುತ್ತಿತ್ತು. ಅದಕ್ಕಿಂತ ಮುಂದೆ ಹೆಚ್ಚೇನೂ ತಿರುಗಲಿಲ್ಲ. ಒಂದು ನಿಂಬೆಹಣ್ಣು ತರಿಸಿ ಇಟ್ಟರೆ ಉರುಳಿ ಚಾಪೆಗೆ ಬಿತ್ತು. ಅದು ಬಿದ್ದ ಕೂಡಲೇ ಅವರ ಕಣ್ಣಲ್ಲಿ ನೀರು ಬಂತು.

"ನೀವು ನಾಳಿಂದನ ಕುಂದರ್ರಿ ಅಂದ್ರಿ. ಕುಂತೆ," ಎಂದರು. "ಲಿಂಗಪ್ಪ ಜಾರಿ ತೊಡಿ ಮ್ಯಾಲ ಬಿದ್ದ. ನೆಲಕ್ಕ ಬಿದ್ದಿದ್ರ ನಾ ಉಳೀತಿದ್ದಿಲ್ಲ."

ಶೈಲಜಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೂ ಹೇಳಿರಲಿಲ್ಲ. ಅಯ್ಯನವರನ್ನು ಕರೆದು ಮೊದಲಿನಂತೆ ಮನಸ್ಸಿನಲ್ಲಿ ಮಾಡಲು ಒಪ್ಪಿಗೆ ಕೇಳೋಣ ಎಂದಳು. "ಗಾಯಾ ಮಾಯೂತನಕಾ ಅಂದಿದ್ರು. ಮಾಯ್ದೈತಿ ಅಂತ ಬಾಯಾರ ಹೇಳ್ಯಾರ. ಇನ್ನ ಬಿದ್ದ ಸುದ್ದಿ ಯಾವ ಬಾಯಿಲೆ ಹೇಳ್ಲಿ?" ಎಂದರು ಅತ್ತೆ.

ಮಣಿಕಟ್ಟು ಮೇಲೆ ಕೆಳಗೆ ಆಡುವುದನ್ನು ಕ್ಯಾಮೆರಾ ನೋಡುತ್ತದೆ. ಮುಂಗೈ ತನ್ನಷ್ಟಕ್ಕೆ ತಿರುಗುವುದನ್ನು ನೋಡುವುದಿಲ್ಲ. ಅದನ್ನು ಕಲಿತವಳು ನಾನು, ಕೈಯಿಂದ ಹಿಡಿದು ತಿರುಗಿಸಿದ್ದರೆ ಮೊದಲನೆಯ ದಿನವೇ ತಿಳಿಯುತ್ತಿತ್ತು. ಅವರು ಮುಟ್ಟಬೇಡಿ ಎಂದರು, ನಾನು ಹಾಯೆಂದು ಕೂತೆ. ನನಗೆ ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ಯಾರ ಮೇಲೆ ಎಷ್ಟು ಎಂದು ಹಂಚಲಿಕ್ಕೆ ಆಗಲಿಲ್ಲ.

ನನ್ನ ಫೋನಿನಲ್ಲಿ ಬಡಗಿಗಳು ಮಟ್ಟ ನೋಡುವಂಥ ಒಂದು ಸಾದಾ ಆಪ್ ಇದೆ. ಫೋನು ಎಷ್ಟು ವಾಲಿತು ಎಂದು ಹೇಳುತ್ತದೆ, ಅಷ್ಟೇ. ಅದನ್ನು ಮುಷ್ಟಿಯಲ್ಲಿ ಹಿಡಿಸಿ ಮುಂಗೈ ತಿರುಗಿಸಿದರೆ ಲೆಕ್ಕ ಸಿಗುತ್ತದೆ. ಆದರೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಭುಜವೇ ತಿರುಗಿ ಮೋಸ ಮಾಡುತ್ತದೆ.

"ಅಮ್ಮಾರ, ನಾ ಮುಟ್ಟಬೇಕಾಗತೈತ್ರಿ."

ಅವರು ಗೋಡೆಯ ಕಡೆ ನೋಡಿದರು. "ಮುಟ್ರಿ."

ಇಪ್ಪತ್ತೆಂಟು ಡಿಗ್ರಿ. ಎಂಬತ್ತರ ಹತ್ತಿರ ಇರಬೇಕಿತ್ತು.

ಮಾರ್ಚ್ ೩೧, ಸೋಮವಾರ

ದವಾಖಾನೆಯ ಡಾಕ್ಟರರಿಗೆ ಫೋನ್ ಮಾಡಿ ಮಾತ್ರೆ ಕಡಿಮೆ ಮಾಡಿಸಿದೆ. ಆದರೆ ಹೀಗೇ ಹಾಲು ಬಾಳೆಹಣ್ಣಿನ ಮೇಲೆ ಬಹಳ ದಿನ ನಡೆಯುವುದಿಲ್ಲ, ಊಟ ಮಾಡಿಸಲೇಬೇಕು ಎಂದರು ಅವರು.

ಕೇಸನ್ನು ಮತ್ತೆ ತೆರೆಯಿರಿ ಎಂದು ಸರ್‌ಗೆ ಕೇಳಿದೆ. ಟ್ಯಾಬ್ ತಪ್ಪು ಎಂದದ್ದಕ್ಕೆ, "ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದಳಂತ," ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಹಸಿರಾದದ್ದನ್ನ ಕೆಂಪ ಮಾಡಾಕ ಇದರಾಗ ಬಟನ್ನ ಇಲ್ಲ ರೇಣು. ಡ್ಯೂಟಿ ಟೈಮಿನಾಗ ಹೋಗಬ್ಯಾಡ. ಉಳಿದ ಟೈಮಿನಾಗ ನೀ ಎಲ್ಲಿ ಹೋಗತಿ ನನಗೇನ ಗೊತ್ತು." ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಕೆಟ್ಟವರಲ್ಲ.

ಏಪ್ರಿಲ್ ೩, ಗುರುವಾರ

ಸವದತ್ತಿಯಿಂದ ಬರುತ್ತಾ ಸಂಜೆ ಮುರಗೋಡಕ್ಕೆ ಹೋದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೊಣಕೈ ಪಕ್ಕೆಗೆ ಒತ್ತಿ, ಮುಂಗೈ ಹಿಡಿದು ನಿಧಾನ ತಿರುಗಿಸಿದೆ. ನಾನು ಹಿಡಿದ ಕೂಡಲೇ ಸುಂದರವ್ವನ ಮೈ ಬಿಗಿಯಾಗುತ್ತದೆ. ನೋವಿಗೆ ಬಿಗಿಯಾಗುವುದು ಬೇರೆ, ಮುಟ್ಟಿದ್ದಕ್ಕೆ ಬಿಗಿಯಾಗುವುದು ಬೇರೆ. ಎರಡರ ವ್ಯತ್ಯಾಸ ನನ್ನ ಕೈಗೆ ಗೊತ್ತಾಗುತ್ತದೆ, ಅದೇ ಕಷ್ಟ.

ಮೂವತ್ತೊಂದು.

ಏಪ್ರಿಲ್ ೭, ಸೋಮವಾರ

ಮೂವತ್ತೈದು. ಹಿಡಿದ ಕೈ ಇವತ್ತು ನೋವಿಗೆ ಮಾತ್ರ ಬಿಗಿಯಾಯಿತು.

ಏಪ್ರಿಲ್ ೧೦, ಗುರುವಾರ

ಬೆಳಿಗ್ಗೆ ದೇಗಾಂವ. ಮೊಣಕಾಲಿನ ಮುದುಕಿ ಕರೆವ್ವ ಇವತ್ತು ತಾನೇ ಬಾಗಿಲು ಮುಚ್ಚಿ ಸೀರೆ ಮೇಲೆ ಮಾಡಿ ಮೊಣಕಾಲು ತೋರಿಸಿದಳು. ಹೆಣ್ಣುಮಗಳು ನೀನು, ಡಬ್ಬಿ ಮಾತ್ರ ಹೊರಗೆ ಇಡು ಎಂದಳು. ಟ್ಯಾಬನ್ನು ಕಟ್ಟೆಯ ಮೇಲೆ ಇಟ್ಟು ಬಂದೆ. ಮೊಣಕಾಲಿನ ಪಕ್ಕದಲ್ಲಿ ಹಳೆಯ ಸುಟ್ಟ ಗಾಯ ಇದೆ, ಅದಕ್ಕೇ ಚರ್ಮ ಎಳೆಯುತ್ತದೆ. ಮೂರು ತಿಂಗಳಿಂದ ಹೋಗುತ್ತಿದ್ದೇನೆ, ನನಗೆ ಗೊತ್ತೇ ಇರಲಿಲ್ಲ.

ಸಂಜೆ ಮುರಗೋಡ. ನಲವತ್ತೊಂದು. ಕೈ ತಿರುಗಿಸುತ್ತಿರುವಾಗ ಸುಂದರವ್ವ ಅಮ್ಮ ತಮ್ಮ ಮದುವೆಯ ಸುದ್ದಿ ಹೇಳಿದರು. ಮದುವೆಯ ದಿನ ಗಂಡ ನಾಚಿಕೊಂಡು ದನದ ಕೊಟ್ಟಿಗೆಯಲ್ಲಿ ಅಡಗಿದ್ದನಂತೆ. ನಾನು ನಗುವಾಗ ಕೈ ಸಡಿಲಾಯಿತು, "ಹಿಡಿ, ಹಿಡಿ, ಬಿಟ್ಟರ ಮತ್ತ ಬಿಗಿತೈತಿ," ಎಂದು ಅವರೇ ಬೈದರು.

ತೂಕ ಎರಡು ಕೆ.ಜಿ. ಇಳಿದಿದೆ ಎಂದು ಶೈಲಜಾ ಬಾಗಿಲ ಹತ್ತಿರ ಪಿಸುಗುಟ್ಟಿದಳು. ಬಾಳೆಹಣ್ಣನ್ನೂ ಬೇಡ ಎನ್ನುತ್ತಿದ್ದಾರಂತೆ. ಕೈ ಗೆಲ್ಲುತ್ತದೋ ಹಸಿವು ಗೆಲ್ಲುತ್ತದೋ ಎಂದು ದಾರಿಯುದ್ದಕ್ಕೂ ಹೆದರಿಕೆಯಾಯಿತು.

ಏಪ್ರಿಲ್ ೧೪, ಸೋಮವಾರ

ಬಾಬಾಸಾಹೇಬರ ಜಯಂತಿ. ರಾಮದುರ್ಗಕ್ಕೆ ಹೋಗಿದ್ದೆ. ಮೆರವಣಿಗೆಯಲ್ಲಿ ಅಪ್ಪ ಹೊಸ ನೀಲಿ ಶಾಲು ಹೊದ್ದು ಮುಂದೆ ನಡೆದ. ಊಟಕ್ಕೆ ಕೂತಾಗ ಮುರಗೋಡದ ಅಮ್ಮನ ಕಥೆ ಹೇಳಿದೆ.

"ಅವರ ದೇವರಿಗೆ ನೀ ಯಾಕ ದುಡೀತಿಯವ್ವಾ?" ಎಂದ ಅಪ್ಪ.

"ದೇವರಿಗಲ್ಲಪ್ಪಾ. ಕೈಗೆ."

ಅಪ್ಪ ತಾಟು ಖಾಲಿ ಮಾಡಿ ಎದ್ದ. ಕೈ ತೊಳೆದುಕೊಂಡು ಬಂದ ಮೇಲೆ, "ಕೈಗಾದ್ರ ಮಾಡು. ಒಳಗ ಕರದ್ರ ಹಿಗ್ಗಬ್ಯಾಡ, ಕರೀದಿದ್ರ ಕುಗ್ಗಬ್ಯಾಡ," ಎಂದ. ಅಪ್ಪನನ್ನು ನೀಲಪ್ಪ ಮಾಸ್ತರ ಎಂದು ಊರೆಲ್ಲ ಕರೆಯುವುದು ಸುಮ್ಮನೆ ಅಲ್ಲ.

ಏಪ್ರಿಲ್ ೧೭, ಗುರುವಾರ

ನಲವತ್ತಾರಕ್ಕೆ ಬಂದು ನಿಂತುಬಿಟ್ಟಿದೆ. ಎರಡು ಸಲ ನೋಡಿದೆ, ಅಷ್ಟೇ. ಅಮ್ಮನಿಗೆ ಕೂತಲ್ಲೇ ಕಣ್ಣಿಗೆ ಕತ್ತಲೆ ಬಂದಂತಾಗುತ್ತದೆ, ತುಟಿ ಒಣಗಿವೆ. ಕೈ ಎಳೆದುಕೊಂಡು, "ಸಾಕ ಬಿಡ ತಂಗಿ. ನನ್ನ ಅನ್ನ ನೀರಿನ ಋಣ ಇಷ್ಟ ಇತ್ತು ಅಂತ ಕಾಣತೈತಿ," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಪೇಷಂಟಿನ ಮೇಲೆ ದನಿ ಏರಿಸಬಾರದು ಎಂದು ಗೊತ್ತಿದೆ. "ಸಾಕ ಅನ್ನಾಕ ನೀವ ಯಾರ್ರಿ? ದಿನಾ ಮೂವತ್ತು ಮೈಲಿ ಗಾಡಿ ಹೊಡಕೊಂಡು ಬರಾಕಿ ನಾನು. ಸಾಕ ಆದ್ರ ನಾ ಹೇಳತೇನಿ!" ಎಂದು ಪಡಸಾಲೆ ನಡುಗುವಂತೆ ಕೂಗಿದೆ. ಶೈಲಜಾ ಅಡುಗೆಮನೆಯಿಂದ ಓಡಿಬಂದಳು. ಅಮ್ಮ ನನ್ನನ್ನೇ ನೋಡಿದರು, ಆಮೇಲೆ ಕೈಯನ್ನು ಮತ್ತೆ ನನ್ನ ತೊಡೆಯ ಮೇಲೆ ಇಟ್ಟರು.

ಅದೇ ಹೊತ್ತಿಗೆ ಹೊಳೆಯಿತು. ಎಂಬತ್ತು ಬರುವವರೆಗೆ ಯಾಕೆ ಕಾಯಬೇಕು? ಉಳಿದಷ್ಟನ್ನು ಕೆಳಗಿನಿಂದ ಯಾರಾದರೂ ಹಿಡಿದು ತಿರುಗಿಸಿಕೊಟ್ಟರೆ ಅಂಗೈ ಮಟ್ಟವಾಗುತ್ತದೆ, ಪೂಜೆ ಮುಗಿಯುವಷ್ಟು ಹೊತ್ತು ಸಾಕು. ಶೈಲಜಾ ಲಿಂಗ ಕಟ್ಟಿದವಳೇ, ಅವಳು ಹಿಡಿಯಲಿ. ನಿಂಬೆಹಣ್ಣಿಟ್ಟು ಅವಳಿಗೆ ಕಲಿಸಿಕೊಟ್ಟೆ. ಮಣಿಕಟ್ಟು ತಿರುವಬೇಡ, ಇಡೀ ಮುಂಗೈ ತಿರುಗಲಿ, ನೋವು ಬರುವ ಜಾಗದಲ್ಲಿ ನಿಲ್ಲಿಸಿ ಕಾಯಿ ಎಂದು ಹತ್ತು ಸಲ ಹೇಳಿದೆ.

ಏಪ್ರಿಲ್ ೧೯, ಶನಿವಾರ

ಸವದತ್ತಿಯಲ್ಲಿ ಹಮಾಲಿಯ ಭೀಮಶಿ ಕಾಕಾ ಇವತ್ತು ತಾನೇ ತಲೆಗೆ ರುಮಾಲು ಸುತ್ತಿಕೊಂಡ. ಎರಡೂ ಕೈ ಮೇಲೆತ್ತಿ! ಪೇಟೆಯ ಹಮಾಲರೆಲ್ಲ ಕೂಡಿ ಸಿಳ್ಳು ಹೊಡೆದರು.

ಸಂಜೆ ಶೈಲಜಾಳ ಫೋನ್. ಎರಡು ದಿನವೂ ಆಗಲಿಲ್ಲವಂತೆ. ಅತ್ತೆ 'ಅಯ್ಯೋ' ಎಂದರೆ ಅವಳ ಕೈ ಹೆದರಿ ಬಿಟ್ಟುಬಿಡುತ್ತದಂತೆ. ಲಿಂಗ ಹೊರಗೆ ತೆಗೆಯುವ ಧೈರ್ಯವೇ ಇಬ್ಬರಿಗೂ ಆಗಲಿಲ್ಲ. "ನೀವು ನಾಳಿ ಮುಂಜಾನೆ ಬರ್ರಿ ಅಂತ ಅತ್ತಿ ಅಂದಾರ," ಎಂದಳು.

ಮತ್ತೊಮ್ಮೆ ಶೈಲಜಾಗೆ ಕಲಿಸಿಕೊಡಬೇಕು ಎಂದು ತಿಳಿದು, ಆಗಲಿ ಎಂದೆ.

ಏಪ್ರಿಲ್ ೨೦, ಭಾನುವಾರ

ಬಿಸಿಲೇರುವ ಮೊದಲೇ ಹೋದೆ. ಪಡಸಾಲೆ ಖಾಲಿ ಇತ್ತು. ಚಾಪೆಯೂ ಹಾಸಿರಲಿಲ್ಲ. ಎಂದಿನಂತೆ ಕಂಬದ ಹತ್ತಿರ ನಿಂತುಕೊಂಡೆ. ಒಳಗಿನಿಂದ ಅಮ್ಮನ ದನಿ ಬಂತು.

"ರೇಣು, ಸ್ನಾನ ಆಗೈತಿಲ್ಲ?"

"ಆಗೈತ್ರಿ."

"ಮತ್ತ ಅಲ್ಲೇನ ನಿಂತಿ, ಒಳಗ ಬಾ. ಶೈಲಾ ಹಿಡಿದ್ರ ನೋವಾಗತೈತಿ. ನೀ ಹಿಡಿ."

ಅಷ್ಟೇ ಹೇಳಿದ್ದು. ಜಾತಿಯ ಮಾತಿಲ್ಲ, ದೊಡ್ಡ ಮನಸ್ಸಿನ ಮಾತಿಲ್ಲ. ಕೈ ನೋಯುತ್ತದೆ, ನಿನಗೆ ಹಿಡಿಯಲು ಬರುತ್ತದೆ, ಬಾ. ಶೈಲಜಾ ಬಾಗಿಲ ಪಕ್ಕಕ್ಕೆ ಸರಿದಳು. ಅಪ್ಪ ಹಿಗ್ಗಬೇಡ ಎಂದಿದ್ದ. ಹಿಗ್ಗಲಿಲ್ಲ, ಹೆದರಿದೆ. ನಾನು ಹಿಡಿದಾಗ ಜಾರಿದರೆ ಅವರು ಮತ್ತೆ ಎಂದೂ ಊಟಕ್ಕೆ ಕೂರುವುದಿಲ್ಲ. ಆ ಪಾಪ ಪುಣ್ಯ ನಾನು ನಂಬುವುದಿಲ್ಲ, ಆದರೆ ಅವರು ನಂಬುತ್ತಾರೆ, ಸಾಯುವವರು ಅವರು.

ಸಣ್ಣ ಕೋಣೆ. ಅಮ್ಮ ಮಣೆಯ ಮೇಲೆ ಕಾಲು ಮಡಿಚಿ ಕೂತಿದ್ದರು, ಮುಂದೆ ತಟ್ಟೆ, ಗಿಂಡಿ, ವಿಭೂತಿ, ನಾಲ್ಕು ಮಲ್ಲಿಗೆ. ನಾನು ಎಡಕ್ಕೆ ಕೂತೆ. ಬಲಗೈಯಿಂದ ಅವರ ಮೊಣಕೈಯನ್ನು ಪಕ್ಕೆಗೆ ಒತ್ತಿದೆ, ಎಡಗೈಯನ್ನು ಅವರ ಕೈಯ ಕೆಳಗೆ ಕೊಟ್ಟು ನಿಧಾನ ತಿರುಗಿಸಿದೆ. ಒಂದು ಜಾಗಕ್ಕೆ ಬಂದು ನಿಂತಿತು. ಅವರು ಹಲ್ಲು ಕಚ್ಚಿದರು. ನಾನು ಕಾದೆ. ಉಸಿರು ಬಿಡ್ರಿ ಎಂದೆ. ಉಸಿರು ಬಿಟ್ಟರು, ಒಳಗೆ ಏನೋ ಸಡಿಲಾಗಿ ಮುಂಗೈ ಇನ್ನಷ್ಟು ಬಂತು. ಮತ್ತೆ ಕಾದೆ. ಕೊನೆಗೆ ಅವರ ಅಂಗೈ ನನ್ನ ಅಂಗೈಯ ಮೇಲೆ ಮಟ್ಟವಾಗಿ ಕೂತಿತು. ಎಷ್ಟು ತೆಳ್ಳಗಾಗಿದ್ದಾರೆ ಎಂದರೆ ಎಲುಬುಗಳೆಲ್ಲ ನನಗೆ ತಾಗುತ್ತಿದ್ದವು.

"ಇಡ್ರಿ," ಎಂದೆ.

ಅವರು ಬಲಗೈಯಿಂದ ಲಿಂಗ ತೆಗೆದು ಇಟ್ಟರು. ಇಬ್ಬರೂ ಉಸಿರು ಹಿಡಿದೆವು. ಅಲ್ಲಾಡಲಿಲ್ಲ. ಕಪ್ಪಗೆ, ನೇರಳೆ ಹಣ್ಣಿನಷ್ಟು. ನಾನು ಅದನ್ನು ಮೊದಲ ಸಲ ಇಷ್ಟು ಹತ್ತಿರದಿಂದ ನೋಡಿದೆ, ಆಮೇಲೆ ನೋಡದೆ ಮುಂಗೈಯ ಮೇಲೆಯೇ ಕಣ್ಣಿಟ್ಟೆ. ಗಿಂಡಿಯಿಂದ ನೀರು ಎರೆದರು. ವಿಭೂತಿ ಹಚ್ಚಿದರು, ಹೂವು ಇಟ್ಟರು. ತುಟಿ ಅಲ್ಲಾಡುತ್ತಿದ್ದವು. ಆಮೇಲೆ ಅಂಗೈಯನ್ನೇ ನೋಡುತ್ತ ಕೂತರು, ಎಷ್ಟು ಹೊತ್ತು ಎಂದು ಹೇಳಲಾರೆ. ನನ್ನ ತೋಳು ಮರಗಟ್ಟಿತು. ಸೊಂಟ ಬೆಂಕಿಯಾಯಿತು. ಬಿಡಲಿಲ್ಲ.

ಮುಗಿದ ಮೇಲೆ ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿ ಇಟ್ಟು ಕೊರಳಿಗೆ ಹಾಕಿಕೊಂಡರು. ನಾನು ನನ್ನ ಕೈ ನೋಡಿಕೊಂಡೆ. ಅವರ ಬೆರಳು ಸಂದಿಯಿಂದ ಇಳಿದ ನೀರೆಲ್ಲ ನನ್ನ ಅಂಗೈಯಲ್ಲಿ ನಿಂತಿತ್ತು. ಕೆಳಗಿನ ತಟ್ಟೆಯಲ್ಲಿ ನಾಲ್ಕು ಹನಿಯೂ ಇರಲಿಲ್ಲ. ಆ ನೀರನ್ನು ಅವರು ಕುಡಿಯಬೇಕು, ಚೆಲ್ಲುವಂತಿಲ್ಲ, ಅದು ಹೊಟ್ಟೆಗೆ ಹೋದ ಮೇಲೆಯೇ ಊಟ ಎಂದು ಶೈಲಜಾ ಹೇಳಿದ್ದಳು. ಈಗ ಅವಳು ಬಾಗಿಲಲ್ಲಿ ಕಂಬದಂತೆ ನಿಂತಿದ್ದಳು.

"ಅಮ್ಮಾರ, ನೀರು ನನ್ನ ಕೈಯಾಗ ಉಳದಾವ," ಎಂದೆ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಹಿಡಿದಿದ್ದೆ. "ಹ್ಯಾಂಗ ಮಾಡ್ಲಿ? ಬ್ಯಾರೆ ನೀರು ಹಾಕಿ ಇನ್ನೊಮ್ಮಿ..."

"ಅಲ್ಲಾಡಬ್ಯಾಡ," ಎಂದರು.

ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಸೆರಗು ಹಿಂದೆ ಸರಿಸಿ, ತಲೆ ಬಗ್ಗಿಸಿ, ನನ್ನ ಅಂಗೈಗೆ ಬಾಯಿಟ್ಟು ಕುಡಿದರು. ಒಂದು ಹನಿ ಬಿಡಲಿಲ್ಲ. ಒಣಗಿದ ತುಟಿ ಚರ್ಮಕ್ಕೆ ತಾಗಿತು. ಆಮೇಲೆ ತಲೆ ಎತ್ತಿ, ನನ್ನನ್ನು ದಾಟಿ ಬಾಗಿಲ ಕಡೆ ನೋಡಿದರು.

"ಶೈಲಾ, ಹಂಗ್ಯಾಕ ನಿಂತಿ? ತಾಟ ಹಾಕು. ಹಸದೇನಿ ನಾ."

ಶೈಲಜಾ ಓಡಿದಳು. ನನ್ನ ಕೈ ಇನ್ನೂ ಹಾಗೆಯೇ ಚಾಚಿಕೊಂಡಿತ್ತು, ಮಡಚಲಿಕ್ಕೆ ಬರಲಿಲ್ಲ. ಅಮ್ಮ ಅದನ್ನು ಹಿಡಿದು, ನಾನು ಅವರಿಗೆ ಮಾಡುವ ಹಾಗೆಯೇ, ಬೆರಳುಗಳನ್ನು ಒಂದೊಂದಾಗಿ ಮಡಚಿಕೊಟ್ಟರು.